ವಿಭೂತಿಯ ಮೇಲೆ ಅಂಟಿಸಿದ ಟ್ಯಾಗ್

ನನ್ನ ಗಾಡಿಯ ಮುಂದಿನ ಗಾಜಿನಲ್ಲಿ, ನಡುಗನ್ನಡಿಯ ಹಿಂದೆ, ಅಂಗೈಯಷ್ಟು ಜಾಗವನ್ನು ನಾನು ವರ್ಷಾನುಗಟ್ಟಲೆ ಒರೆಸಿರಲಿಲ್ಲ. ಉಳಿದ ಗಾಜನ್ನು ದಿನಾ ಬೆಳಗ್ಗೆ ಒದ್ದೆ ಪೇಪರಿನಿಂದ ಫಳಫಳ ಅನ್ನುವ ಹಾಗೆ ತಿಕ್ಕುತ್ತಿದ್ದೆ. ಆ ಜಾಗಕ್ಕೆ ಬಂದಾಗ ಮಾತ್ರ ಕೈ ತಾನಾಗಿಯೇ ಸುತ್ತು ಹಾಕಿ ಆಚೆ ಹೋಗುತ್ತಿತ್ತು. ಅಲ್ಲಿ ಮೂರು ಬೆರಳಿನ ವಿಭೂತಿ ಇತ್ತು. ಗಾಡಿ ಮನೆಯ ಮುಂದೆ ಬಂದು ನಿಂತ ದಿನ ನನ್ನ ಹೆಂಡತಿ ಹಚ್ಚಿದ್ದು. ಆಮೇಲೆ ಪ್ರತಿ ಸೋಮವಾರ ಪೂಜೆ ಮುಗಿಸಿ, ಬೆರಳಿನಲ್ಲಿ ಉಳಿದ ವಿಭೂತಿಯನ್ನು ಹಾಗೇ ತಂದು, ಡ್ರೈವರ್ ಸೀಟಿನ ಮೇಲೆ ಒಂದು ಮೊಣಕಾಲೂರಿ, ಅದೇ ಜಾಗಕ್ಕೆ ಎಳೆಯುತ್ತಿದ್ದಳು. ಹೊರಗೆ ಹಚ್ಚಿದರೆ ಮಳೆ ತೊಳೆಯುತ್ತದೆ, ವೈಪರ್ ಒರೆಸುತ್ತದೆ ಎಂದು ಒಳಗಡೆಯೇ ಹಚ್ಚುವುದು ನಮ್ಮ ರೂಢಿ. ಪದರದ ಮೇಲೆ ಪದರ ಕೂತು ಅದು ಸುಣ್ಣ ಬಳಿದ ಗೋಡೆಯ ತುಂಡಿನ ಹಾಗೆ ಆಗಿಬಿಟ್ಟಿತ್ತು.

ಗಾಡಿ ಹೊಸದೇನಲ್ಲ. ಒಬ್ಬರು ಓಡಿಸಿ ಬಿಟ್ಟ ಏಳು ಸೀಟಿನ ಗಾಡಿ. ಆದರೆ ನನ್ನದು. ಆರನೆಯ ಇಯತ್ತೆಯ ನಡುವೆ ಶಾಲೆ ಬಿಟ್ಟು ಹುಮನಾಬಾದಿನ ಒಂದು ಗ್ಯಾರೇಜಿನಲ್ಲಿ ಪಾನಾ ಹಿಡಿದವನು ನಾನು. ನಟ್ಟು ಬಿಚ್ಚಿದೆ, ಗ್ರೀಸು ಬಳಿದೆ, ಮಂದಿಯ ಲಾರಿ ಓಡಿಸಿದೆ, ಮಂದಿಯ ಜೀಪು ಓಡಿಸಿದೆ. ಯಾರ ಮುಂದೆಯೂ ಕೈ ಒಡ್ಡದೆ ನನ್ನ ಹೆಸರಿನ ಆರ್‌ಸಿ ಪುಸ್ತಕ ಕೈಗೆ ಬಂದಾಗ ನನ್ನ ತಲೆಯಲ್ಲಿ ಅರ್ಧ ನರೆ ಕೂದಲಿತ್ತು. ಆದ್ದರಿಂದ ನನ್ನ ಗಾಡಿಯಲ್ಲಿ ಕೂತು ನನಗೆ ಯಾರೂ ಬುದ್ಧಿ ಹೇಳಬಾರದು ಎಂಬ ಒಂದು ಹಟ ಮೊದಲಿನಿಂದ ಇತ್ತು.

ತಮಾಷೆಯೆಂದರೆ ನಾನು ದಿನಾ ಹೊತ್ತು ತಿರುಗುತ್ತಿದ್ದದ್ದು ಬುದ್ಧಿ ಹೇಳುವವರನ್ನೇ. ಬಸವಕಲ್ಯಾಣದಲ್ಲಿ ಮನೆ, ಹುಮನಾಬಾದಿನ ಸುತ್ತ ನೌಕರಿ ಇರುವ ಟೀಚರಮ್ಮಂದಿರು ನನ್ನ ಕಾಯಂ ಸವಾರಿ. ಬೆಳಗ್ಗೆ ಬಿಡುವುದು, ಸಂಜೆ ತರುವುದು. ಮುಂದಿನ ಸೀಟಿನಲ್ಲಿ ಹಿರಿಯ ಟೀಚರ್. ರಿಟೈರ್ ಆಗುವ ವಯಸ್ಸಿಗೆ ಹತ್ತಿರವಾದವರು, ಬಾಯಿ ಮಾತ್ರ ಈಗ ತಾನೆ ನೌಕರಿಗೆ ಸೇರಿದ ಹಾಗೆ. ನಡುವಿನ ಸೀಟಿನಲ್ಲಿ ಗಣಿತದ ಟೀಚರ್. ಅವರ ಪಕ್ಕದಲ್ಲಿ ಬಾಗಿಲ ಕಡೆಗೆ ಸಣ್ಣ ಟೀಚರ್. ಸಣ್ಣ ಟೀಚರ್ ಎಂದರೆ ಅತಿಥಿ ಶಿಕ್ಷಕಿ. ಜೂನಿನಲ್ಲಿ ಕರೆಯುತ್ತಾರೆ, ಮಾರ್ಚಿಗೆ ಕಳಿಸುತ್ತಾರೆ, ಮತ್ತೆ ಜೂನಿಗೆ ಕರೆಯುತ್ತಾರೋ ಇಲ್ಲವೋ ಎಂದು ಕಾಯಬೇಕು. ಐದು ವರ್ಷ ಹಾಗೇ ಕಾದಿದ್ದಳು. ಗಾಡಿಯಲ್ಲಿ ಎಲ್ಲರೂ ಹರಟುತ್ತಿದ್ದರೆ ಅವಳು ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಪರೀಕ್ಷೆಗೆ ಓದುತ್ತಿದ್ದಳು. ರಸ್ತೆಯ ಗುಂಡಿ ಬಂದಾಗ ಅವಳ ಬೆರಳು ಸಾಲು ತಪ್ಪಬಾರದೆಂದು ನಾನು ಗೇರು ಇಳಿಸುತ್ತಿದ್ದೆ. ಇದನ್ನು ನಾನು ಯಾರಿಗೂ ಹೇಳಿದವನಲ್ಲ.

ಟೋಲ್ ಕಟ್ಟುವ ಟ್ಯಾಗ್ ಬಂದಾಗ ಹೆದ್ದಾರಿಯ ಟೋಲ್ ನಾಕಾದಲ್ಲಿ ನಗದು ಸಾಲುಗಳು ಒಂದೊಂದೇ ಮುಚ್ಚುತ್ತಿದ್ದವು. ಟ್ಯಾಗಿಲ್ಲದ ಗಾಡಿಗಳೆಲ್ಲ ಒಂದೇ ಸಾಲಿನಲ್ಲಿ ಸಂತೆಯ ದನಗಳ ಹಾಗೆ ನಿಲ್ಲಬೇಕು. ಟೀಚರಮ್ಮಂದಿರ ಹಾಜರಿ ಹೆಬ್ಬೆಟ್ಟಿನ ಮಷೀನಿನಲ್ಲಿ, ಅದಕ್ಕೆ ದಯೆಯಿಲ್ಲ. ಹುಮನಾಬಾದಿನ ಒಂದು ಅಂಗಡಿಗೆ ಹೋಗಿ ಆಧಾರ್, ಆರ್‌ಸಿ ಎಲ್ಲ ಕೊಟ್ಟು ಮಾಡಿಸಿಕೊಂಡೆ. ಅಂಗಡಿಯವನು ಬಿಳಿ ಚೀಟಿಯೊಂದನ್ನು ಕೈಗಿಟ್ಟ.

"ನಾನೇ ಅಂಟಿಸಿ ಕೊಡ್ಲೇನ್ರಿ ಅಣ್ಣಾರ? ಗಾಜು ಒಂದ್ಸಲ ಸಾಫ್ ಮಾಡ್ಬೇಕು, ಅಷ್ಟೇ."

"ಎಂಜಿನ್ ಇಳ್ಸಿ ಏರ್ಸಿದ ಕೈ ಇದು. ಚೀಟಿ ಅಂಟ್ಸಾಕ ಬರಂಗಿಲ್ಲೇನು?" ಎಂದು ತಂದುಬಿಟ್ಟೆ.

ಮನೆಯಲ್ಲಿ ಹೆಂಡತಿ ಅದರ ಹಿಂದಿನ ಚಿತ್ರ ನೋಡಿದಳು. ಅವಳು ಹತ್ತನೆಯವರೆಗೆ ಓದಿದವಳು. ನಡುಗನ್ನಡಿಯ ಹಿಂದೆ, ಗಾಜಿನ ಒಳಗಡೆ, ಒರೆಸಿದ ಗಾಜಿಗೆ ಒತ್ತಿ ಅಂಟಿಸಬೇಕು ಎಂದು ಚಿತ್ರದಲ್ಲಿ ಬಾಣ ಹಾಕಿ ತೋರಿಸಿದ್ದರು. ಬಾಣದ ತುದಿ ನಿಖರವಾಗಿ ಅವಳ ವಿಭೂತಿಯ ಮೇಲೆ ಬಂದು ನಿಲ್ಲುತ್ತಿತ್ತು.

"ಒರೆಸ್ರಿ. ಅಂಟ್ಸಿದ ಮ್ಯಾಲ ಮತ್ತ ಹಚ್ತೀನಿ," ಎಂದಳು.

"ವಿಭೂತಿ ಒರೆಸಂದ್ರ ಹ್ಯಾಂಗ ಒರೆಸ್ಲಿ? ಇಷ್ಟ್ ವರ್ಷ ಒಂದ್ ಗೀರು ಬಿದ್ದಿಲ್ಲ ಗಾಡಿಗಿ."

"ನಿಮ್ಮ ಗಾಡಿ, ನಿಮ್ಮ ಗಾಜು," ಎಂದು ಒಳಗೆ ಹೋದಳು.

ನಾನು ವಿಭೂತಿಯ ಮೇಲೆಯೇ ಅಂಟಿಸಿದೆ. ಒತ್ತಿ, ಉಜ್ಜಿ, ಹೆಬ್ಬೆರಳಿನಿಂದ ನಾಲ್ಕೂ ಮೂಲೆ ತೀಡಿದೆ. ನೋಡಲು ಚೆನ್ನಾಗಿಯೇ ಕೂತಿತ್ತು. ಕೆಳಗೆ ದೇವರು, ಮೇಲೆ ಸರಕಾರ ಎಂದು ಹಿರಿಯ ಟೀಚರ್ ನಕ್ಕರು. ಎಂಟು ದಿನದಲ್ಲಿ ಬಿಸಿಲು ಏರಿತು. ಒಂದು ಮೂಲೆ ಎದ್ದಿತು, ಆಮೇಲೆ ಎರಡನೆಯದು. ಒಂದು ಮಧ್ಯಾಹ್ನ ನೋಡುತ್ತೇನೆ, ಟ್ಯಾಗ್ ಡ್ಯಾಶ್‌ಬೋರ್ಡಿನ ಮೇಲೆ ಬೆನ್ನಡಿಯಾಗಿ ಬಿದ್ದಿದೆ, ಅಂಟಿನ ತುಂಬ ಬೂದಿ ಮೆತ್ತಿಕೊಂಡು. ಇನ್ನು ಅದು ಗಾಜಿಗಲ್ಲ, ಗೋಂದಿಗೂ ಅಂಟುವ ಹಾಗಿರಲಿಲ್ಲ.

ಆ ದಿನ ಹೊಸದು ಮಾಡಿಸಿದ್ದರೆ ಮುಗಿಯುತ್ತಿತ್ತು. ಆದರೆ ಹೊಸದು ಮಾಡಿಸಬೇಕೆಂದರೆ ಅದೇ ಅಂಗಡಿಗೆ ಹೋಗಬೇಕು, ಅವನು ನಗಬೇಕು, ನಾನು ಕೇಳಿಸಿಕೊಳ್ಳಬೇಕು. ಮನೆಗೆ ಬಂದು ಅವಳ ಮುಂದೆಯೂ ಒಪ್ಪಿಕೊಳ್ಳಬೇಕು. ಅದರ ಬದಲು ಟ್ಯಾಗನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ನಾಕಾ ಬಂದಾಗ ಎರಡು ಬೆರಳಿನಲ್ಲಿ ಹಿಡಿದು ಗಾಜಿಗೆ ಒತ್ತಿ ತೋರಿಸುವುದು. ಮೇಲಿನ ಸ್ಕ್ಯಾನರಿನ ಕಣ್ಣು ಓದಿದರೆ ಸರಿ, ಓದದಿದ್ದರೆ ಟೋಲ್ ಕಟ್ಟೆಯಲ್ಲಿ ಕೂತವನು ಕೈಮಷೀನು ಹಿಡಿದು ಬರುತ್ತಿದ್ದ. ನನ್ನನ್ನು ಕಂಡರೆ ಅವನೇ ಎದ್ದು ಬರುತ್ತಿದ್ದ, ನಿಜ ಹೇಳಬೇಕೆಂದರೆ ನನಗೆ ಅದು ಸೇರುತ್ತಿತ್ತು.

"ಬಂದ್ರು ನೋಡ್ರಿ ಪಾಸಿನ ಸಾಹೇಬ್ರು," ಎನ್ನುತ್ತಿದ್ದ.

"ಮಂದೀದು ಗಾಜಿಗಿ ಅಂಟಿರ್ತದ, ನಮ್ಮವ್ರದು ಎದಿಗಿ ಅಂಟ್ಯಾದ," ಎಂದು ಗಣಿತದ ಟೀಚರ್ ಹಿಂದಿನಿಂದ ಸೇರಿಸುತ್ತಿದ್ದರು.

ಹೀಗೆ ವರ್ಷಗಳು ಹೋದವು. ಅದೇ ರಸ್ತೆ, ಅದೇ ಏಳೂವರೆ, ಅದೇ ನಾಕಾ. ಹುಮನಾಬಾದಿನಲ್ಲಿ ಎಲ್ಲರನ್ನೂ ಇಳಿಸಿ ಸಂಜೆ ನಾಲ್ಕರವರೆಗೆ ಬೇವಿನ ಗಿಡದ ಕೆಳಗೆ ಸೀಟು ಮಲಗಿಸಿ ಒರಗುವುದು. ನಿದ್ದೆಯಲ್ಲ, ಬರೀ ಒರಗುವುದು. ಸೊಂಟ ಹಿಡಿದು ಹೋಗಿತ್ತು. ರಾತ್ರಿ ಹಾಸಿಗೆಯಲ್ಲಿ ಮಲಗಿದರೂ ಬಲಗಾಲು ಬ್ರೇಕನ್ನು ಹುಡುಕುತ್ತಿತ್ತು. ಫೋನಿಗೆ ಮೆಸೇಜು ಬರುತ್ತಿದ್ದವು. ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಇರುತ್ತಿತ್ತು. ಓದಿಸಿಕೊಳ್ಳಲು ಮೂವರು ಟೀಚರಮ್ಮಂದಿರು ಪಕ್ಕದಲ್ಲೇ ಕೂತಿದ್ದರು. ಕೇಳಲಿಲ್ಲ. ಲೋನು ಕೊಡುತ್ತೇವೆ ಎನ್ನುವವರ ಮೆಸೇಜು ಎಂದು ತಿಳಿದು ಅಳಿಸಿಬಿಡುತ್ತಿದ್ದೆ.

ಕಳೆದ ವರ್ಷ ಸಣ್ಣ ಟೀಚರ್ ಕಾಯಂ ನೌಕರಿಯ ಪರೀಕ್ಷೆ ಪಾಸಾದಳು. ಪಟ್ಟಿಯಲ್ಲಿ ಹೆಸರು ಬಂತು. ಇನ್ನು ಬೀದರಿನ ಕಚೇರಿಯಲ್ಲಿ ಕಾಗದಪತ್ರ ತೋರಿಸುವುದೊಂದು ಬಾಕಿ. ಹತ್ತು ಗಂಟೆಗೆ ಹೆಸರು ಕೂಗುತ್ತಾರೆ, ಕೂಗಿದಾಗ ಇಲ್ಲದವರನ್ನು ಬಿಟ್ಟು ಮುಂದಿನವರನ್ನು ಕರೆಯುತ್ತಾರೆ ಎಂದು ಅವಳಿಗೆ ಯಾರೋ ಹೇಳಿದ್ದರು. ಖರೆಯೋ ಸುಳ್ಳೋ, ಅವಳ ಮುಖ ಎರಡು ದಿನದಿಂದ ಬಿಳುಚಿಕೊಂಡಿತ್ತು. ಬೆಳಗ್ಗೆ ಆರರ ಬಸ್ಸಿಗೇ ಹೋಗಿಬಿಡುತ್ತೇನೆ ಎಂದಳು.

ನಾನು ಬಿಡಬೇಕಲ್ಲ.

"ಬಸ್ಸಿಗಿ ಯಾಕ? ಆರರ ಬಸ್ಸು ಅಂದ್ರ ಆರಕ್ಕ ಬಂದದ್ದ್ ನೋಡೀಯೇನು? ನಾ ಅದೀನಲ್ಲ. ಅರ್ಧಾ ತಾಸ್ ಜಲ್ದಿ ಬಿಡ್ತೀನಿ. ಎಂಟಕ್ಕ ಹುಮನಾಬಾದ್ ಸ್ಟ್ಯಾಂಡಿನ್ಯಾಗ ಬೀದರ್ ಬಸ್ ಮುಂದ ಇಳಸ್ತೀನಿ. ಇಷ್ಟ್ ವರ್ಷದಾಗ ಯಾರಿಗರ ತಡಾ ಮಾಡೀನೇನು ಕೇಳು ಇವರಿಗಿ."

"ಇಲ್ಲ್ ಬಿಡವಾ, ಆ ವಿಷಯದಾಗ ಸಾಹೇಬ್ರು ಪಕ್ಕಾ ಇದ್ದಾರ," ಎಂದರು ಹಿರಿಯ ಟೀಚರ್. ಅವಳಿಗಾಗಿ ತಾವೂ ಅರ್ಧ ತಾಸು ಮೊದಲೇ ಹೊರಡಲು ಇಬ್ಬರೂ ಒಪ್ಪಿದರು.

ಸಣ್ಣ ಟೀಚರ್ ನನ್ನ ಮುಖ ನೋಡಿದಳು. "ಖರೆ ಮುಟ್ಟಿಸ್ತೀರಲ್ಲ ಕಾಕಾ?"

"ನಿನ್ನ ನೌಕರಿ ನನ್ನ ಜವಾಬ್ದಾರಿ," ಎಂದೆ.

ಆ ದಿನ ಏಳಕ್ಕೆ ಬಿಟ್ಟೆವು. ಅವಳು ಹೊಸ ಸೀರೆ ಉಟ್ಟಿದ್ದಳು. ಪುಸ್ತಕವಿರಲಿಲ್ಲ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಫೈಲೊಂದನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಹಿರಿಯ ಟೀಚರ್ ಅವಳ ಬಾಯಿಗೆ ಸಕ್ಕರೆ ಹಾಕಿದರು. ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿ ಹಿಡಿದಾಗ ಟೈಮು ಬರೋಬರ್ ಇತ್ತು.

ನಾಕಾದಲ್ಲಿ ಜೇಬಿನಿಂದ ಟ್ಯಾಗ್ ತೆಗೆದು ಗಾಜಿಗೆ ಒತ್ತಿದೆ. ಅಡ್ಡಗಂಬ ಏಳಲಿಲ್ಲ. ಕಟ್ಟೆಯವನು ಕೈಮಷೀನು ತಂದು ಹಿಡಿದ. ಕೆಂಪು ಬಂತು. ಮತ್ತೆ ಹಿಡಿದ. ಮತ್ತೆ ಕೆಂಪು.

"ಅಣ್ಣಾರ, ಬ್ಲ್ಯಾಕ್‌ಲಿಸ್ಟ್ ಆಗ್ಯಾದ್ರಿ."

"ಹ್ಯಾಂಗ ಆಗ್ತದ? ರೊಕ್ಕ ಅದಲ್ಲ ಅದರಾಗ."

"ರೊಕ್ಕ ಅದ್ರಿ. ಕೈಯಾಗ ಹಿಡಿಯೋದು ಬಂದ್ ಆಗ್ಯಾದ. ಗಾಜಿಗಿ ಅಂಟಿಲ್ಲಂದ್ರ ಬಂದ್ ಮಾಡ್ಲಾಕತ್ತಾರ. ನಿಮ್ಮ ಫೋನಿಗಿ ಮೆಸೇಜ್ ಬಂದಿರ್ಬೇಕು. ಇವತ್ತ ಡಬಲ್ ಕೊಟ್ಟು ಹೋಗ್ರಿ, ನಾಳಿ ಹೊಸಾದ್ ಮಾಡಿಸ್ಕೋರಿ."

ಅವನು ಸಣ್ಣಗೆ, ಗೆಳೆಯನಿಗೆ ಹೇಳುವ ಹಾಗೆಯೇ ಹೇಳಿದ. ಆದರೆ ನನ್ನ ಕಿವಿಗೆ ಬಿದ್ದದ್ದು ಎರಡೇ ಮಾತು: ಬ್ಲ್ಯಾಕ್‌ಲಿಸ್ಟ್, ಡಬಲ್. ಗಾಡಿಯಲ್ಲಿ ಮೂವರೂ ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದು ಬೆನ್ನಿಗೆ ಗೊತ್ತಾಗುತ್ತಿತ್ತು.

"ಡಬಲ್ ಯಾಕ? ನಾ ಏನ್ ಕಳ್ಳತನ ಮಾಡೀನೇನು? ದಿನಾ ನೀನೇ ಎದ್ದ್ ಬಂದು ಹಿಡೀತಿದ್ದಿ. ಆವಾಗ ಹೇಳಾಕ ಬಾಯಿ ಇರಲಿಲ್ಲೇನು?"

"ಅಣ್ಣಾರ, ನಾ ಕೂಲಿಯವ. ಮಷೀನ್ ಹೇಳ್ತದ, ನಾ ಓದ್ತೀನಿ."

"ನಿನ್ನ ಸಾಹೇಬನ ಕರಿ."

ಹಿಂದೆ ಹಾರ್ನು ಶುರುವಾದವು. ಹಿರಿಯ ಟೀಚರ್ ಪರ್ಸು ತೆಗೆದರು. "ಕೊಟ್ಟು ನಡೀರಿ ಮಾರಾಯರ. ಜಗಳ ಆಮ್ಯಾಲ ಮಾಡ್ರಿ. ತಗೋರಿ, ನಾ ಕೊಡ್ತೀನಿ."

ಅವರು ಹಾಗೆ ಮಾಡಬಾರದಾಗಿತ್ತು. ಇಲ್ಲ, ಅದು ಅವರ ತಪ್ಪಲ್ಲ. ನನ್ನ ಗಾಡಿಯಲ್ಲಿ ಕೂತವರು ನನ್ನ ಪರವಾಗಿ ಪರ್ಸು ತೆಗೆದದ್ದು ಕಂಡು ತಲೆಯಲ್ಲಿ ಏನೋ ಕಟಕ್ ಎಂದಿತು.

"ನೀವು ಸುಮ್ ಕೂಡ್ರಿ ಟೀಚರ್," ಎಂದವನೇ ಎಂಜಿನ್ ಬಂದ್ ಮಾಡಿ, ಚಾವಿ ಕಿತ್ತು ಜೇಬಿಗೆ ಹಾಕಿ ಕೆಳಗಿಳಿದೆ.

ಸಾಹೇಬ ಎಂಬವನು ಆಚೆ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದ. ಅವನು ಬರುವುದು, ನಾನು ಆರ್‌ಸಿ ತೋರಿಸುವುದು, ಅವನು ನಿಯಮ ಹೇಳುವುದು, ನಾನು ಇಷ್ಟು ವರ್ಷದ ಕಥೆ ಹೇಳುವುದು. ಹಿಂದಿನ ಗಾಡಿಗಳು ಬೈಯುತ್ತ ಹಿಂದೆ ಸರಿದು ಬೇರೆ ಸಾಲಿಗೆ ಹೋದವು. ನಡುವೆ ಒಂದು ಸಲ ಸಣ್ಣ ಟೀಚರ್ ಗಾಜು ಇಳಿಸಿ ಕರೆದಳು.

"ಕಾಕಾ, ನನ್ನ ಬಸ್ಸು..."

"ಎರಡ ಮಿಂಟ, ಬೇಟಾ," ಎಂದೆ. ತಿರುಗಿ ನೋಡದೆ.

ಆ ಎರಡು ನಿಮಿಷ ಎಷ್ಟಾಯಿತೆಂದು ನನಗೆ ತಿಳಿಯಲಿಲ್ಲ. ಗಾಡಿಯ ಬಾಗಿಲು ಸರಿದ ಸದ್ದು ಕೇಳಿ ತಿರುಗಿದೆ. ಅವಳು ಇಳಿದಿದ್ದಳು. ಒಂದು ಕೈಯಲ್ಲಿ ಸೀರೆಯ ನಿರಿಗೆ, ಇನ್ನೊಂದರಲ್ಲಿ ಫೈಲು. ಓಡಲಿಲ್ಲ, ಬೇಗ ಬೇಗ ನಡೆದಳು. ಎರಡು ಸಾಲು ದಾಟಿ, ಆಚೆ ಅಡ್ಡಗಂಬ ದಾಟಿ ನಿಧಾನ ಹೊರಡುತ್ತಿದ್ದ ಒಂದು ಬಸ್ಸಿಗೆ ಕೈ ಎತ್ತಿದಳು. ಕಂಡಕ್ಟರ್ ಬಾಗಿಲು ತೆಗೆದು ಕೈ ಕೊಟ್ಟು ಮೇಲೆಳೆದುಕೊಂಡ. ಒಂದು ಸಲವಾದರೂ ಈ ಕಡೆ ನೋಡುತ್ತಾಳೇನೋ ಎಂದುಕೊಂಡೆ. ನೋಡಲಿಲ್ಲ. ಬಸ್ಸು ಹೋಯಿತು.

ಆಮೇಲೆ ಜಗಳಕ್ಕೆ ಅರ್ಥವೇ ಉಳಿಯಲಿಲ್ಲ. ಡಬಲ್ ಕೊಟ್ಟೆ. ಕಟ್ಟೆಯವನು ಚೀಟಿ ಹರಿದು ಕೊಡುವಾಗ ನನ್ನ ಮುಖ ನೋಡಲಿಲ್ಲ. ಚಾವಿ ಹಾಕಿ ಗಾಡಿ ಎತ್ತಿದೆ.

"ಇಪ್ಪತ್ತೆರಡು ನಿಮಿಷ," ಎಂದರು ಗಣಿತದ ಟೀಚರ್, ಗಡಿಯಾರ ನೋಡಿ. ಅವರು ಲೆಕ್ಕ ತಪ್ಪುವವರಲ್ಲ.

ಹುಮನಾಬಾದ ಸ್ಟ್ಯಾಂಡಿಗೆ ಗಾಡಿ ನುಗ್ಗಿಸಿದೆ. ಬೀದರ ಬಸ್ಸು ನಿಲ್ಲುವ ಜಾಗ ಖಾಲಿ. ಅಲ್ಲೇ ಶೇಂಗಾ ಹುರಿಯುತ್ತಿದ್ದವನನ್ನು ಕೇಳಿದೆ.

"ಬೀದರ್ ಬಸ್ ಹೋತೇನ್ರಿ?"

"ಈಗರೇ ಹೋತು."

"ಒಬ್ಬಾಕಿ ಹತ್ತಿದಳೇನು? ಕೈಯಾಗ ಫೈಲ್ ಇತ್ತು."

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಬೀದರ ಬಸ್ಸಿಗಿ ಹತ್ತೋರೆಲ್ಲಾ ಫೈಲ್ ಹಿಡ್ಕೊಂಡೇ ಹತ್ತತಾರ್ರಿ ಯಜಮಾನ್ರ."

ಇಬ್ಬರನ್ನೂ ಅವರವರ ಶಾಲೆಗೆ ಬಿಟ್ಟು ಬೇವಿನ ಗಿಡದ ಕೆಳಗೆ ಬಂದೆ. ಸೀಟು ಮಲಗಿಸಲಿಲ್ಲ. ಅವಳ ನಂಬರು ನನ್ನ ಹತ್ತಿರ ಇತ್ತು. ಹತ್ತಕ್ಕೆ ಫೋನ್ ಮಾಡೋಣವೆಂದೆ, ಅವಳ ಹೆಸರು ಕೂಗುವ ಹೊತ್ತು. ಹನ್ನೊಂದಕ್ಕೆ ಮಾಡೋಣವೆಂದೆ. ನೌಕರಿ ತಪ್ಪಿತು ಎಂದು ಅವಳು ಹೇಳಿದರೆ ಏನೆನ್ನಲಿ? ಐದು ವರ್ಷ ಕಾದವಳು, ನನ್ನ ಮಾತು ನಂಬಿ ಆರರ ಬಸ್ಸು ಬಿಟ್ಟವಳು. ಎದುರಿಗೆ ಗಾಜಿನಲ್ಲಿ ಆ ಬೂದಿಯ ತುಂಡು, ಅದರ ನಡುವೆ ಟ್ಯಾಗ್ ಕಿತ್ತು ಬಿದ್ದಲ್ಲಿ ಹೊಸ ಪದರಗಳ ಕೆಳಗೂ ತಗ್ಗಾಗಿ ಉಳಿದ ಚೌಕದ ಗುರುತು. ದಿನಪೂರ್ತಿ ಅದನ್ನೇ ನೋಡುತ್ತ ಕೂತೆ. ಕಟ್ಟಿಕೊಂಡು ಬಂದ ರೊಟ್ಟಿ ಹಾಗೇ ಉಳಿಯಿತು.

ಸಂಜೆ ಇಬ್ಬರೂ ಹತ್ತಿದರು. ನಾಕಾ ಬಂತು. ಕೇಳಿದಷ್ಟು ಕೊಟ್ಟೆ, ಚೀಟಿ ತೆಗೆದುಕೊಂಡೆ. ಅಡ್ಡಗಂಬ ದಾಟಿದ ಮೇಲೆ ಹಿರಿಯ ಟೀಚರ್ ಹೊರಗೆ ನೋಡುತ್ತ ಹೇಳಿದರು.

"ಮುಟ್ಟ್ಯಾಳ. ಕೆಲಸಾ ಆಗ್ಯಾದ."

ಕೈ ಸ್ಟೇರಿಂಗಿನ ಮೇಲೆ ಸಡಿಲಾಯಿತು. "ಯಾವಾಗ ತಿಳೀತ್ರಿ?"

"ಹನ್ನೊಂದಕ್ಕೇ ಫೋನ್ ಬಂದಿತ್ತು."

"ಟೀಚರ್, ನನಗ ಒಂದ್ ಮಾತ್ ಹೇಳಬಾರದಿತ್ತೇನ್ರಿ?"

"ಹೇಳಬೇಕಂದೆ. ಆಮ್ಯಾಲ ಅಂದೆ, ದಿನಾ ಪೂರಾ ತಿಳೀಲಾರದೇ ಕೂಡ್ಲಿ ಒಂದ್ಸಲ."

ನನ್ನ ಜೀವನದಲ್ಲಿ ಯಾರಾದರೂ ನನಗೆ ಶಿಕ್ಷೆ ಕೊಟ್ಟು ನಾನು ಸುಮ್ಮನೆ ಒಪ್ಪಿಕೊಂಡದ್ದು ಅದೊಂದೇ. ಆರನೆಯ ಇಯತ್ತೆಯಲ್ಲಿ ಮಾಸ್ತರರು ಬಿಸಿಲಿಗೆ ನಿಲ್ಲಿಸಿದಾಗ ನಾನು ಚೀಲ ತೆಗೆದುಕೊಂಡು ಮನೆಗೆ ನಡೆದಿದ್ದೆ. ಮತ್ತೆ ಹೋಗಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬಕೆಟ್ಟಿನಲ್ಲಿ ನೀರು, ಹಳೆಯ ಧೋತರದ ತುಂಡು ತಂದು ಗಾಡಿಯ ಬಾಗಿಲು ತೆಗೆದಳು.

"ಒರೆಸ್ರಿ."

ನನ್ನ ಕೈ ಏಳಲಿಲ್ಲ. "ಪಾಪ ತಟ್ಟಂಗಿಲ್ಲೇನು?" ಎಂದೆ.

"ದಿನಾ ಹಣಿಗಿ ಹಚ್ಕೋತೀರಿ, ದಿನಾ ಮೈ ತೊಳಕೋತೀರಿ. ಆವಾಗ ತಟ್ಟಲಾರದ್ದು ಗಾಜಿಗಿ ಬಂದು ತಟ್ತದೇನು?" ಎಂದು ತಾನೇ ಮೊಣಕಾಲೂರಿ ಕೂತು ಒರೆಸತೊಡಗಿದಳು. ಗಟ್ಟಿಯಾಗಿತ್ತು, ನೆನೆಸಿ ನೆನೆಸಿ ಬಿಡಿಸಬೇಕಾಯಿತು. ನೀರು ಹಾಲಿನ ಬಣ್ಣಕ್ಕೆ ತಿರುಗಿತು. ಅದನ್ನು ಮೋರಿಗೆ ಚೆಲ್ಲದೆ ಅಂಗಳದ ಬಿಲ್ವದ ಗಿಡದ ಬುಡಕ್ಕೆ ಹೊಯ್ದಳು. ಒರೆಸಿದ ಆ ಜಾಗದಿಂದ ಎದುರಿನ ಬೀದಿ ಕಾಣುತ್ತಿತ್ತು. ಇಷ್ಟು ವರ್ಷ ಅಲ್ಲೊಂದು ಜಾಗ ನನಗೆ ಕಾಣದೆಯೇ ಇತ್ತಲ್ಲ ಎನಿಸಿತು.

ಮರುದಿನ ಅದೇ ಅಂಗಡಿಗೆ ಹೋದೆ. "ನೀನೇ ಅಂಟಿಸಪಾ," ಎಂದೆ. ಅವನು ನಗಲಿಲ್ಲ, ಅವನಿಗೆ ನನ್ನ ನೆನಪೇ ಇರಲಿಲ್ಲ. ಸೋಮವಾರ ಹೆಂಡತಿ ಹೊಸ ವಿಭೂತಿಯನ್ನು ಸ್ಟೇರಿಂಗಿನ ನಡುವೆ ಹಚ್ಚಿದಳು. ಅದು ಸಂಜೆಯೊಳಗೆ ನನ್ನ ಅಂಗೈಗೆ ಬಂದಿರುತ್ತದೆ.

ಸಣ್ಣ ಟೀಚರ್ ಮತ್ತೆ ನನ್ನ ಗಾಡಿ ಹತ್ತಲಿಲ್ಲ. ಆರ್ಡರು ಬರುವವರೆಗೆ ಹಳೆಯ ಶಾಲೆಗೇ ಹೋಗುತ್ತಿದ್ದಳು, ಬಸ್ಸಿನಲ್ಲಿ. ಬೆಳಗ್ಗೆ ನಿಲ್ದಾಣದ ಹತ್ತಿರ ನಾನು ಗಾಡಿ ನಿಧಾನ ಮಾಡುತ್ತಿದ್ದೆ. ಅವಳು ನಕ್ಕು ಕೈ ಬೀಸಿ, ನೀವು ನಡೀರಿ ಎನ್ನುತ್ತಿದ್ದಳು. ಸಿಟ್ಟಿನ ನಗೆಯಲ್ಲ. ಸಿಟ್ಟಾಗಿದ್ದರೆ ನನಗೆ ಸಲೀಸಾಗುತ್ತಿತ್ತು.

ಆರ್ಡರು ಗೋರ್ಟಾದ ಶಾಲೆಗೆ ಬಂತು. ಅದು ಈ ದಾರಿಯೇ ಅಲ್ಲ. ಹೋಗುವ ಮೊದಲು ಒಂದು ಶನಿವಾರ ಪೇಢಾದ ಡಬ್ಬಿ ಹಿಡಿದು ಗಾಡಿಯ ಹತ್ತಿರ ಬಂದಳು. ಟೀಚರಮ್ಮಂದಿರಿಗೆಲ್ಲ ಕೊಟ್ಟು ನನ್ನ ಕಿಟಕಿಗೆ ಬಂದು, "ಕಾಕಾ, ಬಾಯಿ ತೆರೀರಿ," ಎಂದು ತಾನೇ ಒಂದು ಪೇಢಾ ಬಾಯಿಗಿಟ್ಟಳು. "ಇದು ಮನಿಯಾಗ ಕಾಕೂಗಿ," ಎಂದು ಇನ್ನೆರಡು ಪೇಪರಿನಲ್ಲಿ ಕಟ್ಟಿಕೊಟ್ಟಳು. ಅವಳ ಕಣ್ಣು ಗಾಜಿನ ಕಡೆ ಹೋಯಿತು.

"ಅಂಟಿಸೀರಲ್ಲ."

ತಲೆಯಾಡಿಸಿದೆ. ತಪ್ಪಾಯಿತು ಎನ್ನಬೇಕೆಂದು ತಿಂಗಳುಗಟ್ಟಲೆ ಇಟ್ಟುಕೊಂಡಿದ್ದ ಮಾತು. ಬಾಯಲ್ಲಿ ಪೇಢಾ ಇತ್ತು. ನುಂಗುವಷ್ಟರಲ್ಲಿ ಅವಳು ರಸ್ತೆ ದಾಟಿದ್ದಳು.

ಈಗ ನಾಕಾ ಬಂದರೆ ಗಾಜು ಇಳಿಸುವ ಕೆಲಸವಿಲ್ಲ. ಮೇಲಿನ ಕಣ್ಣು ಓದುತ್ತದೆ, ಪೀಂ ಎನ್ನುತ್ತದೆ, ಅಡ್ಡಗಂಬ ಏಳುತ್ತದೆ. ಕಟ್ಟೆಯಲ್ಲಿ ಕೂತವನು ತಲೆ ಎತ್ತುವುದಿಲ್ಲ, ನಾನೂ ನಿಲ್ಲಿಸುವುದಿಲ್ಲ. ಬಾಗಿಲ ಕಡೆಯ ಸೀಟಿಗೆ ಹೊಸಬರನ್ನು ಹುಡುಕಿ ಎಂದು ಹಿರಿಯ ಟೀಚರ್ ಎರಡು ಸಲ ಹೇಳಿದ್ದಾರೆ. ಹುಡುಕುತ್ತೇನೆ ಎಂದಿದ್ದೇನೆ. ಸಸ್ತಾಪುರದ ಈಚೆಯ ಗುಂಡಿ ಬಂದಾಗ ಕೈ ಈಗಲೂ ಗೇರು ಇಳಿಸುತ್ತದೆ.